ಅಲಾರಂ ಇಲ್ಲದ ಮನೆ

ನಮ್ಮ ಅಣ್ಣನ ಮನೆಯಲ್ಲಿ ಅಲಾರಂ ಗಡಿಯಾರವಿಲ್ಲ. ಬಾಗಿಲಿಗೆ ಕರೆಗಂಟೆಯಿಲ್ಲ. ರಾತ್ರಿ ಊಟವಾದೊಡನೆ ಮನೆಯ ಎಲ್ಲ ಫೋನುಗಳ ಬಾಯಿ ಕಟ್ಟಲಾಗುತ್ತದೆ. ಒಲೆಯ ಮೇಲೆ ಕುಕ್ಕರ್ ಇಡುವ ಮೊದಲು ಯಾರಾದರೊಬ್ಬರು ಒಳಕೋಣೆಯ ಬಾಗಿಲಿಗೆ ಹೋಗಿ, "ಮಗಳೇ, ಕುಕ್ಕರ್ ಇಡ್ತಿದ್ದೇನೆ" ಎಂದು ಹೇಳಿ ಬರುತ್ತಾರೆ. ಹೊಸದಾಗಿ ಬಂದ ನೆಂಟರಿಗೆ ಇದು ತಮಾಷೆಯಾಗಿ ಕಾಣುತ್ತದೆ. ಅದರಲ್ಲೂ ಅಣ್ಣನದು ಎಲೆಕ್ಟ್ರಿಕಲ್ ಸಾಮಾನಿನ ಅಂಗಡಿ. ಊರಿಗೆಲ್ಲ ಕರೆಗಂಟೆ ಮಾರುವವನ ಮನೆಯ ಬಾಗಿಲನ್ನು ಕೈಯಿಂದ ತಟ್ಟಬೇಕಾಗಿದೆ!

ಇದರ ಹಿಂದಿನ ಕತೆಯನ್ನು ಬರೆಯಬೇಕೆಂದು ನಾವು ಅಕ್ಕತಂಗಿಯರಿಬ್ಬರೂ ಬಹಳ ದಿನಗಳಿಂದ ಮಾತಾಡಿಕೊಳ್ಳುತ್ತಿದ್ದೆವು. ನಮ್ಮಲ್ಲಿ ದೊಡ್ಡವಳು ಡಿಗ್ರಿ ಕಾಲೇಜಿನಲ್ಲಿ ಗಣಿತ ಕಲಿಸಿದವಳು. ಸಣ್ಣವಳು ಮನೆ, ಮಕ್ಕಳು, ಟೈಲರಿಂಗ್ ಎಂದುಕೊಂಡು ಇದ್ದವಳು. ಬರೆಯಲು ಇಷ್ಟು ತಡವಾದದ್ದು ಹಿಂಜರಿಕೆಯಿಂದ. ಹೆಣ್ಣುಮಗುವಿನ ಕಾಯಿಲೆಯನ್ನು ಪತ್ರಿಕೆಯಲ್ಲಿ ಹಾಕುವುದೇ ಎಂಬ ಮಾತು ಮನೆಯೊಳಗೇ ಬಂದಿತ್ತು. ಈಗ ಆ ಮಗುವೇ, "ಬರೆಯಿರಿ ಮಾಮಿ, ನಾನು ಓದಿ ತಿದ್ದುತ್ತೇನೆ" ಎಂದು ಹೇಳಿದ್ದಾಳೆ.

2011ರ ರಮಝಾನ್. ಆಗ ಅಣ್ಣನ ಮಗಳಿಗೆ ಹದಿಮೂರು ವರ್ಷ. ಸಹರಿಗೆ ಏಳಲೆಂದು ತಲೆದಿಂಬಿನ ಪಕ್ಕದಲ್ಲೇ ದೊಡ್ಡ ಗಂಟೆಯ ಗಡಿಯಾರ ಇಟ್ಟುಕೊಂಡು ಮಲಗಿದ್ದಳು. ಅಲಾರಂ ಬಡಿಯಿತು. ಹುಡುಗಿ ಎದ್ದು ಕುಳಿತಳು, ಕೈ ಚಾಚಿದಳು, ಹಾಗೆಯೇ ಹಿಂದಕ್ಕೆ ಬಿದ್ದಳು. ಕಣ್ಣು ಮೇಲಾಗಿತ್ತು, ಕೈಕಾಲು ಸೆಳೆಯುತ್ತಿತ್ತು. ಒಂದು ನಿಮಿಷವೂ ಆಗಿರಲಿಕ್ಕಿಲ್ಲ, ತಾನಾಗಿಯೇ ಎಚ್ಚರವಾಯಿತು. ಮುಖ ಮಾತ್ರ ಬಿಳಿಚಿಕೊಂಡಿತ್ತು. "ಏನಾಯ್ತು, ಯಾಕೆ ಎಲ್ಲರೂ ಬಂದಿದ್ದೀರಿ?" ಎಂದು ಅವಳೇ ಕೇಳಿದಳು.

ಅದೇ ತಿಂಗಳಲ್ಲಿ ಮತ್ತೊಮ್ಮೆ ಹಾಗಾಯಿತು. ಮೂರು ತಿಂಗಳ ನಂತರ ಮಧ್ಯಾಹ್ನದ ನಿದ್ದೆಯಲ್ಲಿದ್ದಾಗ ಲ್ಯಾಂಡ್‌ಲೈನ್ ಫೋನ್ ಬಡಿದು ಇನ್ನೊಮ್ಮೆ. ಡಾಕ್ಟರರೊಬ್ಬರು ಅಪಸ್ಮಾರವೆಂದರು. ಮಾತ್ರೆ ಶುರುವಾಯಿತು. ಮನೆಗೆ ಬಂದವರು ಬೇರೆಯೇ ಹೇಳಿದರು. ವಯಸ್ಸಿಗೆ ಬರುತ್ತಿರುವ ಹುಡುಗಿ, ಸಂಜೆ ಹೊತ್ತು ಹುಣಸೆಮರದ ದಾರಿಯಲ್ಲಿ ಬಂದಿರಬೇಕು, ಏನೋ ಸೋಂಕಿದೆ ಎಂದರು. ಮಂತ್ರಿಸಿದ ನೀರು ಬಂತು, ಕೊರಳಿಗೆ ತಾಯಿತ ಬಂತು. ನಾವು ಓದಿದವರು ಎಂದು ಹೇಳಿಕೊಳ್ಳುವವರು. ಆದರೂ ಆ ದಿನಗಳಲ್ಲಿ ನಾವು ಯಾವುದಕ್ಕೂ ಬೇಡವೆನ್ನಲಿಲ್ಲ ಎಂಬುದನ್ನು ಒಪ್ಪಿಕೊಳ್ಳಬೇಕು. ಮಗು ಬಿದ್ದಾಗ ಎಲ್ಲ ಬಾಗಿಲುಗಳನ್ನೂ ತಟ್ಟಬೇಕೆನಿಸುತ್ತದೆ.

ಎರಡು ವರ್ಷ ಹೀಗೇ ಹೋಯಿತು. 2013ರ ಮಳೆಗಾಲದಲ್ಲಿ ಅವಳಿಗೆ ಜ್ವರ, ಕೆಮ್ಮು ಬಂತು. ಔಷಧದ ಅಂಗಡಿಯಿಂದ ಚೀಟಿಯಿಲ್ಲದೆಯೇ ಆಂಟಿಬಯೋಟಿಕ್ ತಂದು ಕೊಟ್ಟದ್ದಾಯಿತು. ಎರಿತ್ರೋಮೈಸಿನ್ ಗುಂಪಿನ ಮಾತ್ರೆ. ಮೂರನೆಯ ದಿನ ಜ್ವರ ಇಳಿದು ಶಾಲೆಗೆ ಹೋದಳು. ಬೆಂಚಿನ ಮೇಲೆ ತಲೆಯಿಟ್ಟು ತೂಕಡಿಸುತ್ತಿದ್ದವಳಿಗೆ ಪಿರಿಯಡ್ಡಿನ ಗಂಟೆ ಕೇಳಿಸಿತು. ಅಂದು ಎಚ್ಚರವಾಗಲು ಬಹಳ ಹೊತ್ತು ಹಿಡಿಯಿತು. ಅವಳ ಟೀಚರ್ ಎದೆ ಒತ್ತುತ್ತಾ ಆಟೋದಲ್ಲಿ ಆಸ್ಪತ್ರೆಗೆ ಕರೆತಂದರು. ಆ ಟೀಚರಮ್ಮನ ಋಣವನ್ನು ನಾವು ತೀರಿಸಲಾರೆವು.

ಆಸ್ಪತ್ರೆಯ ತುರ್ತು ವಿಭಾಗದಲ್ಲಿದ್ದ ಕಿರಿಯ ವಯಸ್ಸಿನ ಡಾಕ್ಟರಮ್ಮ ಒಂದೇ ಪ್ರಶ್ನೆ ಕೇಳಿದರು: "ಪ್ರತಿ ಸಲವೂ ಬೀಳುವ ಮೊದಲು ಏನಾದರೂ ಸದ್ದಾಗಿತ್ತೇ?" ಎರಡು ವರ್ಷಗಳಲ್ಲಿ ಯಾರೂ ಕೇಳಿರದ ಪ್ರಶ್ನೆ. ನಾವು ಮುಖ ಮುಖ ನೋಡಿಕೊಂಡೆವು. ಅಲಾರಂ, ಅಲಾರಂ, ಫೋನ್, ಶಾಲೆಯ ಗಂಟೆ. ಅವರು ಇಸಿಜಿ ತೆಗೆದರು, ಕಾಗದದ ಮೇಲೆ ಸ್ಕೇಲ್ ಇಟ್ಟು ಅಳೆದರು. ಅಪಸ್ಮಾರವಲ್ಲ, ಹೃದಯದ ವಿದ್ಯುತ್ತಿನ ತೊಂದರೆ ಎಂದರು. ಅದಕ್ಕೆ ಲಾಂಗ್ ಕ್ಯೂಟಿ ಸಿಂಡ್ರೋಮ್ ಎಂದು ಹೆಸರು. ಸುಮಾರು ಎರಡು ಸಾವಿರ ಜನರಲ್ಲಿ ಒಬ್ಬರಿಗೆ ಇರಬಹುದಾದ, ತಂದೆ ಅಥವಾ ತಾಯಿಯಿಂದ ಬರುವ ದೋಷ.

"ಕರೆಂಟಿನ ತೊಂದರೆ ಎಂದರೆ ಯಾವ ವಯರು ಮೇಡಂ?" ಎಂದು ಅಣ್ಣ ಕೇಳಿದ. ಪಾಪ, ಅವನಿಗೆ ಗೊತ್ತಿದ್ದದ್ದು ಅದೇ ಭಾಷೆ. ಡಾಕ್ಟರಮ್ಮ ನಗಲಿಲ್ಲ. ಔಷಧ ಕಂಪೆನಿಯ ಪ್ಯಾಡಿನ ಮೇಲೆ ಒಂದು ಗೆರೆ ಎಳೆದರು. ನೆಟ್ಟಗೆ ಮೇಲೇರುವ ಗೆರೆ, ಆಮೇಲೆ ಗುಡ್ಡದ ನೆತ್ತಿಯಂತೆ ಸಮತಟ್ಟು, ಆಮೇಲೆ ನಿಧಾನ ಇಳಿಜಾರು. "ಹೃದಯದ ಪ್ರತಿಯೊಂದು ಕೋಶದಲ್ಲೂ ಪ್ರತಿ ಬಡಿತಕ್ಕೆ ಇಂಥದ್ದೊಂದು ಗೆರೆ ಮೂಡುತ್ತದೆ. ನಿಮ್ಮ ಮಗಳದ್ದು ಇಳಿಯುವಾಗ ತಡಮಾಡುತ್ತಿದೆ" ಎಂದರು. ನಮ್ಮಲ್ಲಿ ದೊಡ್ಡವಳು ಆ ಗೆರೆಯನ್ನೇ ನೋಡುತ್ತಾ ನಿಂತಳು. ಇಪ್ಪತ್ತು ವರ್ಷ ಕರಿಹಲಗೆಯ ಮೇಲೆ ಡಿಫರೆನ್ಷಿಯಲ್ ಈಕ್ವೇಶನ್ ಬಿಡಿಸಿದವಳು. 'ಇದು ಯಾವುದಕ್ಕೆ ಉಪಯೋಗ ಮೇಡಂ' ಎಂದು ಮಕ್ಕಳು ಕೇಳಿದಾಗಲೆಲ್ಲ 'ಪರೀಕ್ಷೆಗೆ' ಎಂದು ಹೇಳಿ ನಗಿಸಿದವಳು. ಈಗ ಅದೇ ಸಮೀಕರಣ ನಮ್ಮ ಮಗುವಿನ ಎದೆಯೊಳಗಿಂದ ಎದ್ದು ಬಂದು ಎದುರಿಗೆ ನಿಂತಿತ್ತು.

ಆ ನಂತರದ ತಿಂಗಳುಗಳಲ್ಲಿ ನಾವು ಓದಿದೆವು, ಕೇಳಿ ತಿಳಿದೆವು. ಸಣ್ಣವಳಿಗೆ ಅರ್ಥವಾಗುವ ತನಕ ದೊಡ್ಡವಳು ಬಿಡಲಿಲ್ಲ. ಕೊನೆಗೆ ಉಪಯೋಗಕ್ಕೆ ಬಂದದ್ದು ತಾರಸಿಯ ಮೇಲಿನ ನೀರಿನ ಟ್ಯಾಂಕ್.

ಟ್ಯಾಂಕಿಗೆ ಒಳಬರುವ ಪೈಪುಗಳಿವೆ, ಹೊರಹೋಗುವ ಪೈಪುಗಳಿವೆ. ಯಾವುದೇ ಕ್ಷಣದಲ್ಲಿ ನೀರಿನ ಮಟ್ಟ ಎಷ್ಟು ಬೇಗ ಏರುತ್ತದೆ ಅಥವಾ ಇಳಿಯುತ್ತದೆ ಎಂಬುದು ಒಳಬಂದದ್ದು ಮತ್ತು ಹೊರಹೋದದ್ದರ ವ್ಯತ್ಯಾಸ. ಇಷ್ಟೇ ಸಮೀಕರಣ. ಹೃದಯದ ಕೋಶದಲ್ಲಿ ನೀರಿನ ಬದಲು ಸೋಡಿಯಂ, ಕ್ಯಾಲ್ಸಿಯಂ, ಪೊಟ್ಯಾಸಿಯಂ ಎಂಬ ಲವಣಗಳ ವಿದ್ಯುತ್ ಕಣಗಳು. ನೀರಿನ ಮಟ್ಟದ ಬದಲು ಕೋಶದ ಒಳಗೂ ಹೊರಗೂ ಇರುವ ವೋಲ್ಟೇಜಿನ ವ್ಯತ್ಯಾಸ. ವಿಶ್ರಾಂತಿಯಲ್ಲಿರುವಾಗ ಒಳಭಾಗ ಸುಮಾರು 85 ಮಿಲಿವೋಲ್ಟಿನಷ್ಟು ಋಣ. ಟಾರ್ಚಿನ ಸೆಲ್ಲು ಒಂದೂವರೆ ವೋಲ್ಟಿನದ್ದು. ಅದರ ಹದಿನೇಳನೇ ಒಂದು ಭಾಗವೆಂದಾಗ ಅಣ್ಣನಿಗೂ ಅಂದಾಜಾಯಿತು. ಬಡಿತದ ಸೂಚನೆ ಬಂದಾಗ ಸೋಡಿಯಂನ ಬಾಗಿಲು ತೆರೆದು, ಒಂದೆರಡು ಮಿಲಿಸೆಕೆಂಡಿನಲ್ಲಿ ವೋಲ್ಟೇಜು ಸೊನ್ನೆಯನ್ನೂ ದಾಟಿ ಮೇಲೇರುತ್ತದೆ. ಅನಂತರ ಕ್ಯಾಲ್ಸಿಯಂ ಒಳಬರುತ್ತಾ ಅದನ್ನು ಮೇಲೆಯೇ ಹಿಡಿದಿಡುತ್ತದೆ. ಸ್ನಾಯು ಸಂಕುಚಿಸುವುದು ಈ ಕ್ಯಾಲ್ಸಿಯಂನಿಂದಲೇ. ಕೊನೆಗೆ ಪೊಟ್ಯಾಸಿಯಂ ಹೊರಹೋಗುತ್ತಾ ವೋಲ್ಟೇಜನ್ನು ಕೆಳಗಿಳಿಸುತ್ತದೆ. ಎಲ್ಲ ಸೇರಿ ಸೆಕೆಂಡಿನ ಮೂರನೇ ಒಂದು ಭಾಗಕ್ಕಿಂತಲೂ ಕಡಿಮೆ.

ಟ್ಯಾಂಕಿಗೂ ಕೋಶಕ್ಕೂ ಇರುವ ವ್ಯತ್ಯಾಸ ಒಂದೇ. ಕೋಶದ ಬಾಗಿಲುಗಳನ್ನು ತೆರೆಯುವವನೂ ಮುಚ್ಚುವವನೂ ಹೊರಗಿನವನಲ್ಲ. ವೋಲ್ಟೇಜು ಎಷ್ಟಿದೆ ಎಂಬುದರ ಮೇಲೆ ಬಾಗಿಲು ತೆರೆಯುತ್ತದೆ, ಬಾಗಿಲು ಎಷ್ಟು ತೆರೆದಿದೆ ಎಂಬುದರ ಮೇಲೆ ವೋಲ್ಟೇಜು ಬದಲಾಗುತ್ತದೆ. ಅತ್ತೆ ಮುನಿದದ್ದಕ್ಕೆ ಸೊಸೆ ಮುನಿದಳು, ಸೊಸೆ ಮುನಿದದ್ದಕ್ಕೆ ಅತ್ತೆ ಮುನಿದಳು ಎಂಬ ಹಾಗೆ. ಇಂಥ ಜಗಳ ಎಲ್ಲಿಗೆ ಮುಟ್ಟುತ್ತದೆಂದು ಬಾಯಿಲೆಕ್ಕದಲ್ಲಿ ಹೇಳಲಾಗದು. ಕ್ಷಣಕ್ಷಣವನ್ನೂ ಲೆಕ್ಕ ಮಾಡುತ್ತಾ ಹೋಗಬೇಕು.

ಆ ಲೆಕ್ಕವನ್ನು ಮೊದಲು ಮಾಡಿದವರು ಇಂಗ್ಲೆಂಡಿನ ಅಲನ್ ಹಾಡ್ಜ್‌ಕಿನ್ ಮತ್ತು ಆಂಡ್ರ್ಯೂ ಹಕ್ಸ್‌ಲಿ. ಅವರದ್ದು ಹೃದಯವಲ್ಲ, ನರ. ನಮ್ಮ ಕರಾವಳಿಯ ಮೀನು ಮಾರುಕಟ್ಟೆಯಲ್ಲೂ ಸಿಗುವ ಬೊಂಡಾಸಿನ ಜಾತಿಯ ಪ್ರಾಣಿಯಲ್ಲಿ ಬರಿಗಣ್ಣಿಗೆ ಕಾಣುವಷ್ಟು ದಪ್ಪದ ನರವೊಂದಿದೆ. ಅದರೊಳಗೆ ತಂತಿ ತೂರಿಸಿ ಅಳೆದು, 1952ರಲ್ಲಿ ಅವರು ಸಮೀಕರಣಗಳನ್ನು ಪ್ರಕಟಿಸಿದರು. ಕೇಂಬ್ರಿಜಿನ ಕಂಪ್ಯೂಟರ್ ಆಗ ಬಳಕೆಗೆ ಸಿಗದ ಕಾರಣ ಹಕ್ಸ್‌ಲಿ ಕೈಯಿಂದ ತಿರುಗಿಸುವ ಲೆಕ್ಕದ ಯಂತ್ರದಲ್ಲೇ ಎಲ್ಲವನ್ನೂ ಬಿಡಿಸಿದರು. 1963ರಲ್ಲಿ ಇಬ್ಬರಿಗೂ ನೊಬೆಲ್ ಬಂತು.

ಅದನ್ನು ಹೃದಯಕ್ಕೆ ತಂದವರು ಡೆನಿಸ್ ನೋಬಲ್. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಸಂಶೋಧನೆ ಮಾಡುತ್ತಿದ್ದ ಹುಡುಗ. ಓದಿದ್ದು ಶರೀರಶಾಸ್ತ್ರ, ಗಣಿತವಲ್ಲ. ಅವರ ಮುಂದಿದ್ದ ಪ್ರಶ್ನೆ ಸರಳವಾದದ್ದು. ನರದ ವಿದ್ಯುತ್ ಸ್ಪಂದನ ಒಂದೆರಡು ಮಿಲಿಸೆಕೆಂಡಿನಲ್ಲಿ ಮುಗಿಯುತ್ತದೆ. ಹೃದಯದ್ದು ಅದಕ್ಕಿಂತ ನೂರಾರು ಪಟ್ಟು ಹೆಚ್ಚು ಹೊತ್ತು ಇರುತ್ತದೆ. ಏಕೆ? ತಮ್ಮ ಮಾರ್ಗದರ್ಶಕ ಓಟೋ ಹಟ್ಟರ್ ಅವರೊಂದಿಗೆ ಕುರಿಯ ಹೃದಯದ ನಾರುಗಳ ಮೇಲೆ ಪ್ರಯೋಗ ಮಾಡಿದಾಗ ಒಂದು ವಿಚಿತ್ರ ಕಂಡಿತು. ವೋಲ್ಟೇಜು ಏರಿದಾಗ ಪೊಟ್ಯಾಸಿಯಂನ ಒಂದು ಬಗೆಯ ಬಾಗಿಲು ತೆರೆಯುವ ಬದಲು ಮುಚ್ಚಿಕೊಳ್ಳುತ್ತದೆ, ಇನ್ನೊಂದು ಬಗೆಯದು ಬಹಳ ನಿಧಾನವಾಗಿ ತೆರೆಯುತ್ತದೆ. ಹೊರಹೋಗುವ ದಾರಿ ಮುಚ್ಚಿರುವುದರಿಂದ ಸ್ವಲ್ಪವೇ ಒಳಹರಿವಿನಲ್ಲಿ ಮಟ್ಟವನ್ನು ಮೇಲೆ ಹಿಡಿದಿಡಬಹುದು. ಹೃದಯದ ಮಿತವ್ಯಯ ಇದು.

ಈ ವಿವರಣೆ ಸಾಕೇ ಎಂದು ಪರೀಕ್ಷಿಸಲು ಲೆಕ್ಕ ಬೇಕಿತ್ತು. ಲಂಡನ್ ವಿಶ್ವವಿದ್ಯಾಲಯದಲ್ಲಿ ಮರ್ಕ್ಯುರಿ ಎಂಬ ದೊಡ್ಡ ಕಂಪ್ಯೂಟರ್ ಇತ್ತು. ಹೃದಯದ ಲೆಕ್ಕ ಮಾಡುತ್ತೇನೆಂದ ಹುಡುಗನಿಗೆ ಅವರು ಕೊಟ್ಟ ಸಮಯ ರಾತ್ರಿ ಎರಡರಿಂದ ನಾಲ್ಕು ಗಂಟೆ. ಸಹರಿಗೆ ಏಳುವ ನಮಗೆ ಆ ಹೊತ್ತು ಪರಿಚಿತ! ಮೂಲ ಸಮೀಕರಣಗಳು ಕೇವಲ ನಾಲ್ಕು. ಸಂಖ್ಯೆಗಳನ್ನು ಕೊಟ್ಟಾಗ ಅದು ತಾನಾಗಿಯೇ ಮಿಡಿಯಿತು, ಮತ್ತೆ ಮತ್ತೆ ಮಿಡಿಯಿತು. 1960ರಲ್ಲಿ ಇದು ನೇಚರ್ ಪತ್ರಿಕೆಯಲ್ಲಿ ಪ್ರಕಟವಾಯಿತು. ಮಿಡಿ ಎಂದು ಸಮೀಕರಣದಲ್ಲಿ ಎಲ್ಲಿಯೂ ಬರೆದಿರಲಿಲ್ಲ. ಬಾಗಿಲುಗಳ ಪರಸ್ಪರ ಜಗಳದಿಂದಲೇ ಮಿಡಿತ ಹುಟ್ಟಿತ್ತು.

ಆ ಲೆಕ್ಕದಲ್ಲಿ ತಪ್ಪೂ ಇತ್ತು. ಹೃದಯದ ಕ್ಯಾಲ್ಸಿಯಂ ಪ್ರವಾಹ ಆಗ ಇನ್ನೂ ಪತ್ತೆಯಾಗಿರಲಿಲ್ಲ. ಅದರ ಕೆಲಸವನ್ನೂ ಸೋಡಿಯಂ ತಲೆಗೇ ಕಟ್ಟಬೇಕಾಯಿತು. ಕ್ಯಾಲ್ಸಿಯಂ ಸಿಕ್ಕಮೇಲೆ ಸಮೀಕರಣವನ್ನು ತಿದ್ದಿದರು. ಹೀಗೆ ತಿದ್ದುತ್ತಾ ತಿದ್ದುತ್ತಾ 2011ರಲ್ಲಿ ಒ'ಹಾರಾ ಮತ್ತು ರೂಡಿ ಎಂಬವರು ನೂರಕ್ಕೂ ಹೆಚ್ಚು ಆರೋಗ್ಯವಂತ ಮಾನವ ಹೃದಯಗಳಿಂದ ಪಡೆದ ಅಳತೆಗಳನ್ನು ಆಧರಿಸಿ ಹೊಸ ಮಾದರಿಯೊಂದನ್ನು ಪ್ರಕಟಿಸಿದರು. ಅದರಲ್ಲಿ ನಾಲ್ಕರ ಬದಲು ನಲವತ್ತಕ್ಕೂ ಹೆಚ್ಚು ಸಮೀಕರಣಗಳು. ಅದರ ಪ್ರೋಗ್ರಾಮನ್ನು ಯಾರು ಬೇಕಾದರೂ ಬಳಸಲೆಂದು ಬಿಟ್ಟುಕೊಟ್ಟರು. ನಮ್ಮ ಸೊಸೆಮಗಳು ಮೊದಲ ಬಾರಿ ಬಿದ್ದ ವರ್ಷವೇ ಅದು.

2014ರ ಬೇಸಿಗೆ ರಜೆಯಲ್ಲಿ, ದೊಡ್ಡವಳ ಹಳೆಯ ವಿದ್ಯಾರ್ಥಿಯೊಬ್ಬನ ಸಹಾಯದಿಂದ ಆ ಪ್ರೋಗ್ರಾಮನ್ನು ಮನೆಯ ಕಂಪ್ಯೂಟರಿನಲ್ಲಿ ಓಡಿಸಿದೆವು. ರಕ್ತ ಪರೀಕ್ಷೆಯಿಂದ ಅಷ್ಟರೊಳಗೆ ದೋಷ ಯಾವ ಬಾಗಿಲಿನದೆಂದು ತಿಳಿದಿತ್ತು. ಹರ್ಗ್ ಎಂಬ ಪೊಟ್ಯಾಸಿಯಂ ಬಾಗಿಲು. ಹಣ್ಣಿನ ನೊಣಕ್ಕೆ ಈಥರ್ ಕೊಟ್ಟಾಗ ಒಂದು ತಳಿಯ ನೊಣಗಳು ಮಾತ್ರ ಕಾಲು ಕುಣಿಸುತ್ತವೆಂದು ಕಂಡವರು, ಆ ಕಾಲದ ಗೋ-ಗೋ ನೃತ್ಯದ ಹೆಸರನ್ನು ಅದರ ಜೀನಿಗೆ ಇಟ್ಟರು. ಮನುಷ್ಯನಲ್ಲಿರುವ ಅದರ ಬಂಧುವೇ ಹರ್ಗ್. ಲಾಂಗ್ ಕ್ಯೂಟಿಯ ಒಂದು ಬಗೆಗೆ ಇದೇ ಕಾರಣವೆಂದು 1995ರಲ್ಲಿ ಗೊತ್ತಾಯಿತು. ಹೆಸರು ಕೇಳಿ ಹುಡುಗಿ ನಕ್ಕಳು. "ನನ್ನ ಕಾಯಿಲೆಗೆ ಡ್ಯಾನ್ಸಿನ ಹೆಸರೇ?" ಎಂದಳು. ಎರಡು ವರ್ಷದ ನಂತರ ಅವಳು ತನ್ನ ಕಾಯಿಲೆಯ ಬಗ್ಗೆ ನಕ್ಕದ್ದು ಅದೇ ಮೊದಲು.

ಮೊದಲು ಆರೋಗ್ಯವಂತ ಕೋಶ. ಗೆರೆ ಏರಿತು, ನಿಂತಿತು, ಇಳಿಯಿತು. ಅನಂತರ ಆ ಬಾಗಿಲಿನ ಸಂಖ್ಯೆಯನ್ನು ಅರ್ಧಕ್ಕಿಳಿಸಿದೆವು. ಗೆರೆ ಉದ್ದವಾಯಿತು, ಆದರೆ ಇಳಿಯಿತು. ಇನ್ನೂ ಕಡಿಮೆ ಮಾಡಿ, ಕಾಲು ಭಾಗಕ್ಕಿಂತಲೂ ಕೆಳಗಿಳಿಸಿ, ಬಡಿತಗಳ ನಡುವಿನ ಅಂತರವನ್ನು ನಾಲ್ಕು ಸೆಕೆಂಡಿಗೆ ಹಿಗ್ಗಿಸಿದೆವು. ಈ ಬಾರಿ ಗೆರೆ ಇಳಿಯಲು ಹೊರಟು, ಅರ್ಧದಲ್ಲಿ ತಡವರಿಸಿ, ಮತ್ತೆ ಮೇಲಕ್ಕೆ ಎದ್ದಿತು. ಇಳಿಯಲು ತಡವಾದಷ್ಟೂ ಕ್ಯಾಲ್ಸಿಯಂನ ಬಾಗಿಲಿಗೆ ಮತ್ತೆ ತೆರೆಯಲು ಸಮಯ ಸಿಗುತ್ತದೆ. ಅಂಥ ಒಂದು ತಪ್ಪು ಮಿಡಿತ ಸಾಕು, ಹೃದಯದ ತಾಳ ತಪ್ಪಲು. ಗಾಢ ನಿದ್ದೆಯಲ್ಲಿ ಹೃದಯ ನಿಧಾನವಾಗಿರುತ್ತದೆ. ಗಂಟೆಯ ಸದ್ದಿಗೆ ಬೆಚ್ಚಿದಾಗ ಅಡ್ರಿನಲಿನ್ ನುಗ್ಗಿ ಕ್ಯಾಲ್ಸಿಯಂನ ಒಳಹರಿವು ಒಮ್ಮೆಲೇ ಹೆಚ್ಚುತ್ತದೆ. ಹೊರಹೋಗುವ ಬಾಗಿಲು ಮಾತ್ರ ಅರೆಮುಚ್ಚಿಯೇ ಇರುತ್ತದೆ.

ಹುಡುಗಿ ಪರದೆಯ ಹತ್ತಿರ ಬಂದು ಆ ತಡವರಿಸಿದ ಗೆರೆಯ ಮೇಲೆ ಬೆರಳಿಟ್ಟಳು. "ಮಾಮಿ, ನಾನು ಬೀಳುವುದು ಇಲ್ಲಿಯಾ?" ಎಂದು ಕೇಳಿದಳು. ಹೌದೆಂದೆವು. ಸ್ವಲ್ಪ ಹೊತ್ತು ಸುಮ್ಮನಿದ್ದು ಕೊರಳಿನ ತಾಯಿತವನ್ನು ತಾನೇ ಬಿಚ್ಚಿ ಮೇಜಿನ ಮೇಲಿಟ್ಟಳು. ನಾವು ಬಿಚ್ಚಲು ಹೇಳಿರಲಿಲ್ಲ.

ಶಾಲೆಯಲ್ಲಿ ಬಿದ್ದ ದಿನ ಏನಾಗಿತ್ತೆಂಬುದೂ ಆಗಲೇ ತಿಳಿದದ್ದು. ಜೀನಿನ ದೋಷದಿಂದ ಮುಚ್ಚುವ ಅದೇ ಹರ್ಗ್ ಬಾಗಿಲನ್ನು ಹಲವಾರು ಮಾತ್ರೆಗಳೂ ಮುಚ್ಚುತ್ತವೆ. ನಾವು ಪ್ರೀತಿಯಿಂದ ಕೊಟ್ಟ ಆಂಟಿಬಯೋಟಿಕ್ ಅವುಗಳಲ್ಲೊಂದು. ಅರೆಮುಚ್ಚಿದ ಬಾಗಿಲನ್ನು ನಾವೇ ಇನ್ನಷ್ಟು ಎಳೆದಿದ್ದೆವು. ನೆಗಡಿ, ಅಲರ್ಜಿಗೆಂದು ಲಕ್ಷಾಂತರ ಜನ ನುಂಗಿದ ಟರ್ಫೆನಡಿನ್ ಎಂಬ ಮಾತ್ರೆಯನ್ನು 1998ರಲ್ಲಿ ಅಮೆರಿಕದ ಮಾರುಕಟ್ಟೆಯಿಂದ ಹಿಂದೆಗೆದುಕೊಂಡದ್ದು ಇದೇ ಕಾರಣಕ್ಕೆ. ಹೊಟ್ಟೆಯುರಿಗೆ ಕೊಡುತ್ತಿದ್ದ ಸಿಸಪ್ರೈಡ್ ಅಲ್ಲಿ 2000ದಲ್ಲಿ ನಿಂತಿತು. ನಮ್ಮ ದೇಶದಲ್ಲಿ ಅದನ್ನು ನಿಷೇಧಿಸಿದ್ದು 2011ರಲ್ಲಿ.

ಔಷಧದ ವಿಷಯದಲ್ಲಿ ಊಹೆಯನ್ನು ನಂಬಬಾರದು ಎಂಬುದಕ್ಕೆ ದೊಡ್ಡ ಪಾಠವೊಂದು ಅಮೆರಿಕದಲ್ಲಿ ನಡೆದಿದೆ. ಹೃದಯಾಘಾತವಾದವರಲ್ಲಿ ನಡುವೆ ಬರುವ ತಪ್ಪು ಬಡಿತಗಳನ್ನು ಅಡಗಿಸಿದರೆ ಸಾವು ಕಡಿಮೆಯಾಗುತ್ತದೆಂದು ಎಲ್ಲರೂ ನಂಬಿದ್ದರು. ಪರೀಕ್ಷಿಸಿ ನೋಡಿದಾಗ ಎರಡು ಔಷಧಗಳನ್ನು ಪಡೆದ 755 ಮಂದಿಯಲ್ಲಿ 63 ಜನ ತೀರಿಕೊಂಡರು. ಬರಿಯ ಸಪ್ಪೆ ಮಾತ್ರೆ ಪಡೆದ 743 ಮಂದಿಯಲ್ಲಿ 26 ಜನ. 1989ರಲ್ಲಿ ಆ ಔಷಧಗಳ ಪ್ರಯೋಗವನ್ನು ಅರ್ಧದಲ್ಲೇ ನಿಲ್ಲಿಸಬೇಕಾಯಿತು. ತಪ್ಪು ಬಡಿತಗಳೇನೋ ಅಡಗಿದ್ದವು. ಆದರೆ ರೋಗಿಗಳು ಉಳಿಯಲಿಲ್ಲ.

ಹಾಗೆಂದು ಹರ್ಗ್ ಬಾಗಿಲನ್ನು ಮುಚ್ಚುವ ಔಷಧವೆಲ್ಲ ಕೆಟ್ಟದ್ದೂ ಅಲ್ಲ. ವೆರಪಮಿಲ್ ಅದನ್ನು ಮುಚ್ಚುತ್ತದೆ, ಜೊತೆಗೆ ಕ್ಯಾಲ್ಸಿಯಂನ ಬಾಗಿಲನ್ನೂ ಮುಚ್ಚುತ್ತದೆ. ಹೊರಹರಿವೂ ಕಡಿಮೆ, ಒಳಹರಿವೂ ಕಡಿಮೆ. ಆದ್ದರಿಂದ ಅಂಥ ಅಪಾಯವಿಲ್ಲ. ಒಂದೇ ಬಾಗಿಲನ್ನು ನೋಡಿ ತೀರ್ಪು ಕೊಟ್ಟರೆ ಒಳ್ಳೆಯ ಔಷಧವೂ ಕಸದ ಬುಟ್ಟಿಗೆ ಹೋಗುತ್ತದೆ. ಎಲ್ಲ ಬಾಗಿಲುಗಳ ಲೆಕ್ಕವನ್ನೂ ಒಟ್ಟಿಗೆ ಮಾಡಬೇಕು, ಅದಕ್ಕೇ ಸಮೀಕರಣ. 2013ರಿಂದೀಚೆಗೆ ಔಷಧಗಳ ಸುರಕ್ಷತೆಯನ್ನು ಅಳೆಯುವ ಹೊಸ ಕ್ರಮವೊಂದನ್ನು ರೂಪಿಸುತ್ತಾ, ಒ'ಹಾರಾ-ರೂಡಿ ಮಾದರಿಯನ್ನೇ ತಿದ್ದಿ ಬಳಸಲಾಗಿದೆ. ಮನುಷ್ಯರನ್ನು ನೋಡುವಾಗಲೂ ನಾವು ಎಷ್ಟು ಬಾರಿ ಒಂದೇ ಬಾಗಿಲನ್ನು ನೋಡಿ ತೀರ್ಪು ಕೊಡುತ್ತೇವೆ!

ಇದೆಲ್ಲ ದೂರದೇಶದ ಮಾತೇ ಆಗಿ ಉಳಿದಿಲ್ಲ ಎಂಬುದು ನಮಗೆ ಸಂತೋಷ ತಂದ ಸಂಗತಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಭೌತಶಾಸ್ತ್ರಜ್ಞ ರಾಹುಲ್ ಪಂಡಿತ್ ಮತ್ತು ಅವರ ಸಂಗಡಿಗರು ಇಂಥ ಲಕ್ಷಾಂತರ ಕೋಶಗಳನ್ನು ಕಂಪ್ಯೂಟರಿನಲ್ಲಿ ಹಾಳೆಯಂತೆ ಜೋಡಿಸಿ, ವಿದ್ಯುತ್ತಿನ ಅಲೆ ಸುಳಿಯಾಗಿ ತಿರುಗುವುದನ್ನು ಅಧ್ಯಯನ ಮಾಡಿದ್ದಾರೆ. ಸುಳಿ ಒಡೆದು ಹಲವು ಸುಳಿಗಳಾದರೆ ಹೃದಯ ಬಡಿಯುವುದಿಲ್ಲ, ಬರೇ ನಡುಗುತ್ತದೆ. ಹಾಳೆಯಲ್ಲಿ ಗಾಯದ ಕಲೆಯಂಥ ಅಡ್ಡಿಯೊಂದಿದ್ದರೆ, ಅದರ ಜಾಗ ಸ್ವಲ್ಪವೇ ಬದಲಾದರೂ ಸುಳಿ ಉಳಿಯುವುದೋ ಅಳಿಯುವುದೋ ಎಂಬುದು ಬದಲಾಗಬಹುದೆಂದು 2007ರ ಪ್ರಬಂಧದಲ್ಲಿ ಅವರು ತೋರಿಸಿದರು. ಅವರೊಂದಿಗೆ ಈ ಕೆಲಸ ಮಾಡಿದ ಟಿ.ಕೆ. ಶಾಜಹಾನ್ ಮುಂದೆ ನಮ್ಮ ಸುರತ್ಕಲ್‌ನ ಎನ್‌ಐಟಿಕೆಯಲ್ಲಿ ಅಧ್ಯಾಪಕರಾದರು. ಬಸ್ಸಿನಲ್ಲಿ ಎಷ್ಟೋ ಸಲ ನಾವು ಆ ಗೇಟಿನ ಮುಂದೆ ಹಾದುಹೋಗಿದ್ದೇವೆ.

ಈಗ ಬರೆಯಲು ಕಷ್ಟವಾಗುವ ಭಾಗಕ್ಕೆ ಬರುತ್ತೇವೆ.

ಇದು ವಂಶದ ದೋಷವಾದ್ದರಿಂದ ಮನೆಯವರೆಲ್ಲರ ಇಸಿಜಿ ತೆಗೆಸಬೇಕೆಂದು ಡಾಕ್ಟರಮ್ಮ ಹೇಳಿದ್ದರು. ಅಣ್ಣನಿಗೆ ಇತ್ತು. ನಮ್ಮಲ್ಲಿ ದೊಡ್ಡವಳಿಗೆ ಇರಲಿಲ್ಲ, ಸಣ್ಣವಳಿಗೆ ಇತ್ತು. ಎರಡು ಹೆರಿಗೆಯಾಗಿಯೂ ಒಮ್ಮೆಯೂ ಬಿದ್ದಿರದ ಸಣ್ಣವಳಿಗೆ! ಉಮ್ಮನಿಗೂ ಇತ್ತು. ಉಮ್ಮನ ಮನೆಯಲ್ಲಿ ಯಾರಾದರೂ ಚಿಕ್ಕ ವಯಸ್ಸಿನಲ್ಲಿ ಇದ್ದಕ್ಕಿದ್ದಂತೆ ತೀರಿಕೊಂಡದ್ದುಂಟೇ ಎಂದು ಡಾಕ್ಟರಮ್ಮ ಕೇಳಿದರು.

ಉಮ್ಮನ ಅಕ್ಕ ಹತ್ತೊಂಬತ್ತನೇ ವಯಸ್ಸಿನಲ್ಲಿ, ಮೊದಲ ಹೆರಿಗೆಯ ಇಪ್ಪತ್ತನೇ ದಿನ, ಬಾಣಂತಿ ಕೋಣೆಯಲ್ಲಿ ತೀರಿಕೊಂಡಿದ್ದಳು. ಬಾಣಂತಿಗೆ ಗಾಳಿ ಸೋಂಕಿತೆಂದು ಮನೆಯವರು ನಂಬಿದ್ದರು. ನಾವು ಚಿಕ್ಕಂದಿನಿಂದ ಕೇಳಿದ್ದೂ ಅದನ್ನೇ. ಅಂದು ಆಸ್ಪತ್ರೆಯ ಬೆಂಚಿನ ಮೇಲೆ ಕುಳಿತು ಉಮ್ಮ ಮೊದಲ ಬಾರಿಗೆ ಪೂರ್ತಿ ಕತೆ ಹೇಳಿದರು. ಮಧ್ಯಾಹ್ನ ಅಕ್ಕ ಮಲಗಿದ್ದಳಂತೆ. ಹದಿನಾರರ ಉಮ್ಮ ಬಿಸಿನೀರಿನ ತಾಮ್ರದ ಕೊಡ ಹೊತ್ತು ಬಂದವರು ಹೊಸ್ತಿಲು ಎಡವಿದರು. ಕೊಡ ಕೆಳಗೆ ಬಿತ್ತು. ಅಕ್ಕ ಬೆಚ್ಚಿ ಎದ್ದು, ಒಮ್ಮೆ ಇವರ ಮುಖ ನೋಡಿ, ಹಿಂದಕ್ಕೆ ಬಿದ್ದಳು. ಮತ್ತೆ ಏಳಲಿಲ್ಲ.

"ಹಾಗಾದರೆ ಗಾಳಿಯಲ್ಲ. ನನ್ನ ಕೈಯಿಂದ ಬಿದ್ದ ಕೊಡವೇ" ಎಂದರು ಉಮ್ಮ.

ನಮ್ಮಿಬ್ಬರಿಗೂ ಬಾಯಿ ಕಟ್ಟಿತು. ಐವತ್ತು ವರ್ಷ ಆ ಮೂಢನಂಬಿಕೆಯನ್ನು ನಾವು ಹಾಸ್ಯ ಮಾಡಿದ್ದೆವು. ಅದು ಉಮ್ಮನನ್ನು ಒಂದು ಭಾರದಿಂದ ಕಾಪಾಡುತ್ತಿತ್ತೆಂಬುದು ನಮಗೆ ಹೊಳೆದಿರಲಿಲ್ಲ. ಈಗ ನಾವು ತಂದ ವಿಜ್ಞಾನ ಮೊದಲು ಮಾಡಿದ ಕೆಲಸವೆಂದರೆ ಆ ಮುದುಕಿಯ ಕೈಗೆ ಒಂದು ಸಾವನ್ನು ಕೊಟ್ಟದ್ದು. ಹರ್ಗ್ ದೋಷವಿರುವ ಹೆಂಗಸರಿಗೆ ಹೆರಿಗೆಯ ನಂತರದ ತಿಂಗಳುಗಳೇ ಹೆಚ್ಚು ಅಪಾಯದವು ಎಂಬುದನ್ನೂ ನಾವು ಓದಿದ್ದೆವು. ಎಲ್ಲವೂ ಸರಿಯಾಗಿ ಹೊಂದುತ್ತಿತ್ತು. ಹಾಗೆ ಹೊಂದುತ್ತಿರುವುದೇ ನಮ್ಮನ್ನು ಹೆದರಿಸಿತು. ಎಷ್ಟೋ ವರ್ಷದ ಹಿಂದಿನ ಸಾವಿಗೆ ಇಸಿಜಿ ಇಲ್ಲ, ಖಚಿತವಾಗಿ ಹೇಳುವವರು ಯಾರೂ ಇಲ್ಲ ಎಂದೆವು. ಉಮ್ಮ ಅದನ್ನು ಕೇಳಿಸಿಕೊಂಡಂತೆ ಕಾಣಲಿಲ್ಲ. ಒಂದು ವಾರ ಸರಿಯಾಗಿ ಊಟ ಮಾಡಲಿಲ್ಲ.

ದಾರಿ ತೋರಿಸಿದವಳು ಮೊಮ್ಮಗಳು. ಅವಳು ಅಜ್ಜಿಯ ಪಕ್ಕ ಕುಳಿತು ಟ್ಯಾಂಕಿನ ಲೆಕ್ಕವನ್ನೆಲ್ಲ ಹೇಳಿಕೊಟ್ಟಳು. ಆಮೇಲೆ ಕೇಳಿದಳು: "ಉಮ್ಮಮ್ಮಾ, ಕೊಡ ಬಿದ್ದ ಸದ್ದು ನಿಮಗೂ ಕೇಳಿಸಿತ್ತಲ್ಲ? ನಿಮ್ಮ ಎದೆಯಲ್ಲೂ ಇದೇ ದೋಷ ಇದೆಯಲ್ಲ? ಮತ್ತೆ ನಿಮಗೇಕೆ ಏನೂ ಆಗಲಿಲ್ಲ?" ಉಮ್ಮ ತಲೆಯೆತ್ತಿ ನೋಡಿದರು. "ಸದ್ದು ಒಂದೇ ಸಾಲದು ಉಮ್ಮಮ್ಮಾ. ಬಾಗಿಲು ಮುಚ್ಚಿರಬೇಕು, ಬಾಣಂತನವೂ ಇರಬೇಕು, ನಿದ್ದೆಯೂ ಇರಬೇಕು. ಎಲ್ಲ ಒಟ್ಟಾದಾಗ ಕೊನೆಗೆ ಬಂದದ್ದು ಕೊಡ. ನೀವು ಬೀಳಿಸದಿದ್ದರೆ ಮಗು ಅಳುವುದಕ್ಕೂ ಹಾಗಾಗಬಹುದಿತ್ತು."

ಉಮ್ಮ ಬಹಳ ಹೊತ್ತು ಸುಮ್ಮನಿದ್ದರು. "ನಾನೂ ಹೋಗಬಹುದಿತ್ತು. ಅವಳು ಹೋದಳು, ನಾನು ಉಳಿದೆ" ಎಂದರು. ಹಾಗೇಕೆ ಎಂಬುದಕ್ಕೆ ನಮ್ಮ ಯಾವ ಸಮೀಕರಣದಲ್ಲೂ ಉತ್ತರವಿರಲಿಲ್ಲ. ಅಂದು ರಾತ್ರಿ ಉಮ್ಮ ಊಟ ಮಾಡಿದರು.

ದೊಡ್ಡಮ್ಮನ ಆ ಮಗು, ನಮ್ಮ ಅಕ್ಕ, ಈಗ ಮೊಮ್ಮಕ್ಕಳನ್ನು ಕಂಡವರು. ಅವರ ಇಸಿಜಿ ಸರಿಯಾಗಿದೆ. ದೋಷವಿರುವ ಪ್ರತಿ ತಾಯಿಯ ಪ್ರತಿ ಮಗುವಿಗೂ ಅದು ಬರುವ ಸಾಧ್ಯತೆ ಅರ್ಧಕ್ಕರ್ಧ.

ಅಣ್ಣನ ಮಗಳು ಬೀಟಾ ಬ್ಲಾಕರ್ ಮಾತ್ರೆಯನ್ನು ದಿನವೂ ತಪ್ಪದೆ ತೆಗೆದುಕೊಳ್ಳುತ್ತಾಳೆ. ತೆಗೆದುಕೊಳ್ಳಬಾರದ ಔಷಧಗಳ ಪಟ್ಟಿ ಅವಳ ಚೀಲದಲ್ಲಿ ಸದಾ ಇರುತ್ತದೆ. ವಾಂತಿಭೇದಿಯಾದರೆ ಪೊಟ್ಯಾಸಿಯಂ ಇಳಿಯುತ್ತದೆಂದು ಕೂಡಲೇ ಡಾಕ್ಟರಲ್ಲಿಗೆ ಹೋಗುತ್ತಾಳೆ. 2013ರ ನಂತರ ಅವಳು ಬಿದ್ದಿಲ್ಲ. ಓದಿದ್ದು ಬಿ.ಫಾರ್ಮ್, ಕೆಲಸ ಆಸ್ಪತ್ರೆಯೊಂದರ ಔಷಧಾಲಯದಲ್ಲಿ. ಚೀಟಿಯಿಲ್ಲದೆ ಆಂಟಿಬಯೋಟಿಕ್ ಕೇಳಿಕೊಂಡು ಬರುವವರಿಗೆ ಅವಳಿಂದ ಸಿಗುವುದು ಮಾತ್ರೆಯಲ್ಲ, ಬೈಗಳು.

ಮದುವೆಯ ಮಾತು ಬಂದಾಗ, ಹೇಳಬೇಡಿ, ನೋಡಿದರೆ ಏನೂ ಗೊತ್ತಾಗುವುದಿಲ್ಲವಲ್ಲ ಎಂದು ಬುದ್ಧಿ ಹೇಳಿದವರು ಬಹಳ ಮಂದಿ. ನಾವು ಹೇಳಿದೆವು. ಎರಡು ಸಂಬಂಧಗಳು ಮುರಿದವು. ಮೂರನೆಯ ಹುಡುಗ ಎಲ್ಲವನ್ನೂ ಕೇಳಿ, "ಹಾಗಾದರೆ ಅವರನ್ನು ಎಬ್ಬಿಸುವುದು ಹೇಗೆ?" ಎಂದು ಕೇಳಿದ. ಕೇಳಬೇಕಾದ ಪ್ರಶ್ನೆ ಅದೇ ಎಂದು ನಮಗನಿಸಿತು. ಉಮ್ಮ ಬದುಕಿರುವವರೆಗೂ ಸಹರಿಗೆ ಅವಳನ್ನು ಎಬ್ಬಿಸುತ್ತಿದ್ದದ್ದು ಪಾದವನ್ನು ಮೆಲ್ಲನೆ ಸವರಿ. ಈಗ ಅವಳ ಗಂಡ ಹಾಗೆಯೇ ಎಬ್ಬಿಸುತ್ತಾನೆ.

ಓದುಗರಲ್ಲಿ ನಮ್ಮದೊಂದು ವಿನಂತಿ. ನಿಮ್ಮ ಮನೆಯಲ್ಲಿ ಮಗುವೊಂದು ಸದ್ದಿಗೆ, ಓಟಕ್ಕೆ, ಈಜಿಗೆ ಅಥವಾ ಗಾಬರಿಗೆ ಎಚ್ಚರ ತಪ್ಪಿ ಬೀಳುತ್ತಿದ್ದರೆ, ಅಥವಾ ವಂಶದಲ್ಲಿ ಯಾರಾದರೂ ಎಳೆಯ ಪ್ರಾಯದಲ್ಲಿ ಕಾರಣವಿಲ್ಲದೆ ತೀರಿಕೊಂಡಿದ್ದರೆ, ಬೇರೆ ಏನನ್ನು ಮಾಡುವ ಮೊದಲೂ ಒಂದು ಇಸಿಜಿ ತೆಗೆಸಿ. ಅಪಸ್ಮಾರವೆಂದು ಯಾರಾದರೂ ಹೇಳಿದ್ದರೂ ತೆಗೆಸಿ. ಆ ಕಾಗದವನ್ನು ಸ್ಕೇಲ್ ಇಟ್ಟು ಅಳೆಯಲು ಡಾಕ್ಟರರನ್ನು ಕೇಳಿಕೊಳ್ಳಿ. ಅದಕ್ಕೆ ತಗಲುವ ಹಣ ಒಂ‍ದು ತಾಯಿತದ ಹಣಕ್ಕಿಂತ ಹೆಚ್ಚೇನಲ್ಲ.